ಕರಟದ ಚೂರು, ಅಡಿಕೆ ಹೋಳು, ಮರದ ತುಂಡು: ಪೆನ್ನು ಕಡೆಯುವ ಬಗೆ

ನಾನು ಎರಕ ಹೊಯ್ದ ಮೊದಲ ಪೆನ್ನಿಗೆ ಮನೆಯಲ್ಲಿ ಬಿದ್ದ ಹೆಸರು ‘ಗೋಲಿಸೋಡಾ’. ಅಡಿಕೆ ಹೋಳುಗಳ ಸುತ್ತ ಗಾಜಿನಂತೆ ತಿಳಿಯಾಗಿ ನಿಲ್ಲಬೇಕಿದ್ದ ರೆಸಿನ್ (ಅಚ್ಚಿಗೆ ಹೊಯ್ದರೆ ಗಟ್ಟಿಯಾಗುವ ಅಂಟುದ್ರವ) ತುಂಬ ಸಾಸಿವೆ ಗಾತ್ರದ ಗುಳ್ಳೆಗಳು. ಆಷಾಢದ ಮಳೆಯಲ್ಲಿ ಅಟ್ಟದಿಂದ ಇಳಿಸಿದ ಅಡಿಕೆಯನ್ನು ಹಾಗೆಯೇ ಕೊಯ್ದು ಅಚ್ಚಿಗೆ ಹಾಕಿದ್ದೆ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯೇರುತ್ತದೆ. ಆ ಬಿಸಿಗೆ ಹೋಳಿನೊಳಗಿನ ಗಾಳಿಯೂ ತೇವವೂ ಹೊರಗೆ ಹೊರಟು ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದಿದ್ದವು. ಅಂದಿನಿಂದ ನನ್ನ ಪೆನ್ನಿನ ಕೆಲಸ ಅಡುಗೆಮನೆಯ ತಕ್ಕಡಿಯಿಂದ ಶುರುವಾಗುತ್ತದೆ.

ಮರದ ತುಂಡು, ಕರಟ, ಅಡಿಕೆ ಯಾವುದೇ ಇರಲಿ, ಹತ್ತಾರು ಚೂರುಗಳನ್ನು ಒಟ್ಟಿಗೆ ತೂಗಿ ತೂಕವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಇಟ್ಟು, ನಾಲ್ಕು ದಿನಕ್ಕೊಮ್ಮೆ ಮತ್ತೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಮುಟ್ಟಿ ನೋಡಿ ಹೇಳುತ್ತೇನೆ ಎನ್ನುವವರ ಮಾತು ನಂಬಬೇಡಿ. ನಾನೂ ಹಾಗೆಯೇ ಹೇಳಿದ್ದೆ.

ಬೇಕಾದ ಸಾಮಾನು

ರೀಫಿಲ್, ಮೊನೆಯನ್ನು ಹೊರಗೆ ಒಳಗೆ ಮಾಡುವ ‘ತಿರುಗಿಸುವ ಯಂತ್ರ’, ಕ್ಲಿಪ್, ಮೂತಿ ಎಲ್ಲವೂ ಪೆನ್ ಕಿಟ್‌ನಲ್ಲಿ ಬರುತ್ತವೆ. ಹೊಸಬರು ‘ಸ್ಲಿಮ್‌ಲೈನ್’ ಎಂಬ ತೆಳ್ಳನೆಯ ಮಾದರಿಯಿಂದ ಆರಂಭಿಸುವುದು ಒಳ್ಳೆಯದು. ಅದರಲ್ಲಿ 7 ಮಿ.ಮೀ. ದಪ್ಪದ, ಸುಮಾರು 53 ಮಿ.ಮೀ. ಉದ್ದದ ಎರಡು ಹಿತ್ತಾಳೆ ಕೊಳವೆಗಳಿರುತ್ತವೆ. ನಾವು ಮಾಡುವುದು ಆ ಕೊಳವೆಗಳ ಮೇಲಿನ ಅಂಗಿಯನ್ನು ಮಾತ್ರ. ಕಡೆಯಲು ಸಣ್ಣ ಲೇತ್ (ತುಂಡನ್ನು ಗಿರಗಿರನೆ ಸುತ್ತಿಸುವ ಯಂತ್ರ), ಕೊಳವೆಗಳನ್ನು ಪೋಣಿಸುವ ಮ್ಯಾಂಡ್ರೆಲ್ ಎಂಬ ಉಕ್ಕಿನ ಸರಳು, ಕಿಟ್‌ಗೆ ಹೊಂದುವ ಬುಷ್‌ಗಳು (ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸುವ ಲೋಹದ ಉಂಗುರಗಳು), ಹರಿತವಾದ ಉಳಿ, 7 ಮಿ.ಮೀ. ಡ್ರಿಲ್ ಬಿಟ್ ಬೇಕು. ಲೇತ್ ಇಲ್ಲದವರು ಮಂಚದ ಕಾಲು ಕಡೆಯುವ ಅಂಗಡಿಯವರ ಸ್ನೇಹ ಮಾಡಿಕೊಳ್ಳಬಹುದು. ಕನ್ನಡಕ, ಮಾಸ್ಕ್, ರೆಸಿನ್ ಮುಟ್ಟುವಾಗ ಕೈಗವಸು ಇಲ್ಲದೆ ಮುಂದಕ್ಕೆ ಹೋಗುವುದು ಬೇಡ. ಬೀಟೆಯ ಪುಡಿಗೆ ಕೆಲವರ ಚರ್ಮ ಕೆರಳುತ್ತದೆ, ಗಟ್ಟಿಯಾಗದ ರೆಸಿನ್ ಪದೇ ಪದೇ ತಾಗಿದರೆ ಅಲರ್ಜಿ ಅಂಟಿಕೊಳ್ಳುತ್ತದೆ.

ಮರದ ಪೆನ್ನು

ಬಾಗಿಲು ಮಾಡುವ ಬಡಗಿಯ ಬಳಿ ಉಳಿದ ತೇಗದ ಅಥವಾ ಹಲಸಿನ ತುಂಡು ಕೇಳಿ ತನ್ನಿ. ಹಲಸು ಮೊದಲಿಗೆ ಅರಿಸಿನದಂತಿದ್ದು ವರ್ಷಗಳು ಕಳೆದಂತೆ ಕಂದಾಗುತ್ತದೆ, ಅದೇ ಅದರ ಸೊಗಸು. 20 ಮಿ.ಮೀ. ಚೌಕ, 13 ಸೆಂ.ಮೀ. ಉದ್ದಕ್ಕೆ ಕೊಯ್ದುಕೊಂಡು, ಉದ್ದಕ್ಕೂ ಒಂದು ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಕೊಳವೆಗಿಂತ 3 ಮಿ.ಮೀ. ಹೆಚ್ಚಿರುವಂತೆ ಎರಡು ತುಂಡು ಮಾಡಿ. ಆ ಗೆರೆ ಇದ್ದರೆ ಮೇಲಿನ ತುಂಡಿನ ಎಳೆ ಕೆಳಗಿನದಕ್ಕೆ ಕೂಡಿಬರುತ್ತದೆ.

ತುಂಡನ್ನು ವೈಸ್‌ನಲ್ಲಿ (ದವಡೆಗಳ ನಡುವೆ ಕಚ್ಚಿ ಹಿಡಿಯುವ ಸಾಧನ) ನೆಟ್ಟಗೆ ಹಿಡಿಸಿ ನಡುವೆ ತೂತು ಕೊರೆಯಿರಿ. ಅವಸರ ಮಾಡಿದರೆ ಬಿಸಿಗೆ ಮರ ಸೀಳುತ್ತದೆ. ಸ್ವಲ್ಪ ಕೊರೆದು, ಬಿಟ್ ಹೊರಗೆಳೆದು, ಪುಡಿ ಕೊಡವಿ ಮತ್ತೆ ಕೊರೆಯಬೇಕು. ಕೊಳವೆಯನ್ನು ಉಪ್ಪು ಕಾಗದದಿಂದ ಒರಟು ಮಾಡಿ, ಅದರ ತುದಿಯನ್ನು ಆಲೂಗಡ್ಡೆಯ ಬಿಲ್ಲೆಗೆ ಒತ್ತಿ. ಬಾಯಿಗೆ ಬಿರಡೆ ಕೂರುತ್ತದೆ, ಒಳಗೆ ಅಂಟು ಇಳಿಯುವುದಿಲ್ಲ. ಎಪಾಕ್ಸಿ ಅಂಟು ಬಳಿದು, ತಿರುಗಿಸುತ್ತಾ ತೂತಿಗೆ ತೂರಿಸಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ಆಲೂಗಡ್ಡೆ ತೆಗೆದು, ಹಿತ್ತಾಳೆಯ ಅಂಚು ಮಿನುಗುವವರೆಗೆ ಎರಡೂ ತುದಿ ಸಮ ಮಾಡಿ. ಹಿತ್ತಾಳೆಯನ್ನೇ ಸವೆಸಿದರೆ ಪೆನ್ನು ಗಿಡ್ಡವಾಗಿ ರೀಫಿಲ್ ಒಳಗೆ ಹೋಗಲಾರದು.

ಕರಟ ಮತ್ತು ಅಡಿಕೆ

ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಬೇಕು. ಮುಗಿದ ಪೆನ್ನಿನ ಹೊಟ್ಟೆ ಹೆಚ್ಚೆಂದರೆ 11 ಮಿ.ಮೀ. ಅದರಲ್ಲಿ 7 ಮಿ.ಮೀ. ಕೊಳವೆಗೆ ಹೋಯಿತು. ಉಳಿಯುವುದು ಸುತ್ತಲೂ 2 ಮಿ.ಮೀ. ದಪ್ಪದ ಬಳೆ. ನಾವು ಆಸೆಪಟ್ಟು ಅಚ್ಚಿನ ಮೂಲೆಗಳಿಗೆ ತುಂಬಿದ್ದೆಲ್ಲ ಸಿಬಿರಾಗಿ ನೆಲ ಸೇರುತ್ತದೆ. ಅದಕ್ಕೇ ನಾನು ಚೂರುಗಳನ್ನು ನೇರವಾಗಿ ಕೊಳವೆಗೇ ಅಂಟಿಸಿ, ಅದರ ಮೇಲೆ ರೆಸಿನ್ ಹೊಯ್ಯುತ್ತೇನೆ. ತೂತು ಕೊರೆಯುವ ಕೆಲಸವೂ ತಪ್ಪುತ್ತದೆ.

ಕರಟದ ನಾರನ್ನು ಕೆರೆದು, 3–4 ಮಿ.ಮೀ. ಅಗಲದ ಚೂರು ಮಾಡಿಕೊಳ್ಳಿ. ಅಡಿಕೆಯಾದರೆ ಚಾಲಿ, ಅಂದರೆ ಬೇಯಿಸದೆ ಬಿಸಿಲಿಗೆ ಒಣಗಿಸಿದ್ದನ್ನು, ಆರಿಸಿ. ಬಿಳಿಯ ಮೈಯಲ್ಲಿ ಕಂದು ನರಗಳು ಹರಡಿದ ಆ ಚಿತ್ತಾರ ಬೇಯಿಸಿದ ಕೆಂಪಡಿಕೆಯಲ್ಲಿ ಅಷ್ಟು ಎದ್ದು ಕಾಣುವುದಿಲ್ಲ. ಅಡಕತ್ತರಿಯ ಏಟಿಗೆ ಒಣ ಚಾಲಿ ಸಿಡಿದು ಪುಡಿಯಾಗುತ್ತದೆ, ಸಣ್ಣ ಹಲ್ಲಿನ ಗರಗಸವೇ ಮೇಲು. ಅಕ್ರೋಟಿನ ಚಿಪ್ಪೂ ಆಗುತ್ತದೆ, ಆದರೆ ತೆಳು. ಗೇರುಬೀಜದ ಸಿಪ್ಪೆ ಮಾತ್ರ ಬೇಡವೇ ಬೇಡ. ಅದರ ಎಣ್ಣೆ ಚರ್ಮ ಸುಡುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಒರಟು ಮಾಡಿದ ಕೊಳವೆಗೆ ಕಪ್ಪು ಬಣ್ಣ ಬಳಿಯಿರಿ. ಇಲ್ಲದಿದ್ದರೆ ಚೂರುಗಳ ಸಂದಿಯಲ್ಲಿ ಹಿತ್ತಾಳೆ ಇಣುಕುತ್ತದೆ. ಬಣ್ಣ ಒಣಗಿದ ಮೇಲೆ ಸೂಪರ್ ಗ್ಲೂ ಹಚ್ಚಿ ಚೂರುಗಳನ್ನು ಹೆಂಚು ಹೊದಿಸಿದಂತೆ ಸುತ್ತಲೂ ಕೂರಿಸಿ. ಅಡಿಕೆಯ ಚಿತ್ತಾರದ ಮುಖ ಹೊರಗಿರಲಿ. ಎರಡೂ ಬಾಯಿಗೆ ಮಕ್ಕಳಾಡುವ ಕ್ಲೇ ತುಂಬಿ. ಆಮೇಲೆ ಇಡೀ ಕೊಳವೆಗೆ ಕುಂಚದಿಂದ ತೆಳುವಾಗಿ ರೆಸಿನ್ ಸವರಿ ಒಂದು ದಿನ ಬಿಡಿ. ಚೂರುಗಳ ರಂಧ್ರ ಮುಚ್ಚಿ, ಗೋಲಿಸೋಡಾದ ಕಥೆ ಮರುಕಳಿಸದಂತೆ ನೋಡಿಕೊಳ್ಳುವುದು ಈ ಪದರವೇ.

ಅಚ್ಚಿಗೆ ಮರದ ಪಟ್ಟಿಗಳು ಸಾಕು. ಒಳಮೈಗೆ ಪ್ಯಾಕಿಂಗ್ ಟೇಪ್ ಹೊದಿಸಿದರೆ ರೆಸಿನ್ ಅಂಟುವುದಿಲ್ಲ. 20 ಮಿ.ಮೀ. ಅಗಲ, ಅಷ್ಟೇ ಆಳ, 65 ಮಿ.ಮೀ. ಉದ್ದದ ಒಂದು ಅಚ್ಚಿಗೆ 26 ಮಿ.ಲೀ. ಹಿಡಿಯುತ್ತದೆ. ಎಪಾಕ್ಸಿ ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್‌ನ ಪ್ರಮಾಣ ಒಂದೊಂದು ತಯಾರಿಕೆಗೆ ಒಂದೊಂದು ಬಗೆ; ಡಬ್ಬಿಯ ಮೇಲೆ ಬರೆದ ಅಳತೆ ತೂಕದ್ದೋ ಗಾತ್ರದ್ದೋ ನೋಡಿಕೊಳ್ಳಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚಿಗೆ ಹಾಕಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗದೆ ಬೆಲ್ಲದ ಪಾಕದಂತೆ ಉಳಿಯುತ್ತದೆ. ಮೂರು ನಾಲ್ಕು ನಿಮಿಷ ನಿಧಾನವಾಗಿ ಕಲಕಿ, ಮಜ್ಜಿಗೆ ಕಡೆದಂತೆ ಬೇಡ. ತಳಕ್ಕೆ 3 ಮಿ.ಮೀ. ಪದರ ಹೊಯ್ದು, ಅದು ಜಿಗುಟಾದ ಮೇಲೆ ಕೊಳವೆ ಮಲಗಿಸಿ, ಹೊಸದಾಗಿ ಕಲಸಿದ ರೆಸಿನ್ ಅನ್ನು ಒಂದು ಮೂಲೆಯಿಂದ ನೂಲಿನಂತೆ ಇಳಿಸಿ. ಎರಡು ಮೂರು ದಿನ ಮುಟ್ಟಬೇಡಿ. ಗಟ್ಟಿಯಾದ ಮೇಲೆ ತುದಿಗಳನ್ನು ಗರಗಸದಿಂದ ಕೊಯ್ದು, ಮರದಂತೆಯೇ ಹಿತ್ತಾಳೆಯ ಅಂಚಿಗೆ ಸಮ ಮಾಡಿ.

ಕಡೆಯುವುದು, ಹೊಳಪು

ಬುಷ್, ತುಂಡು, ಬುಷ್, ತುಂಡು, ಬುಷ್ ಹೀಗೆ ಮ್ಯಾಂಡ್ರೆಲ್‌ಗೆ ಪೋಣಿಸಿ. ತಿರುಪನ್ನು ಕೈಬೆರಳಿನ ಬಿಗಿಗೆ ನಿಲ್ಲಿಸಿ. ಅತಿಯಾಗಿ ಬಿಗಿದರೆ ಸರಳು ಬಾಗಿ ಪೆನ್ನು ಮೊಟ್ಟೆಯಾಕಾರ ತಾಳುತ್ತದೆ. ಮೂಲೆಗಳು ಹೋಗುವವರೆಗೆ ಉಳಿಯನ್ನು ಹಗುರವಾಗಿ ತಾಗಿಸಿ. ಮರದಿಂದ ಹೊಟ್ಟು ಹಾರಿದರೆ, ರೆಸಿನ್‌ನಿಂದ ಶಾವಿಗೆಯಂತೆ ಎಳೆ ಎಳೆಯಾಗಿ ಬಂದು ಸರಳಿಗೆ ಸುತ್ತಿಕೊಳ್ಳುತ್ತದೆ. ಲೇತ್ ನಿಲ್ಲಿಸಿಯೇ ಬಿಡಿಸಿ, ತಿರುಗುವಾಗ ಕೈ ಹಾಕಬೇಡಿ. ಕರಟ ಉಳಿಯ ಬಾಯಿಯನ್ನು ಬಲು ಬೇಗ ಮೊಂಡು ಮಾಡುತ್ತದೆ. ಕೊನೆಯ ಮಿಲಿಮೀಟರಿಗೆ ಮುಂಚೆ ಸಾಣೆ ಹಿಡಿಯದೆ ಮುಂದುವರಿದು ಎರಡು ಪೆನ್ನಿನ ಚೂರುಗಳನ್ನು ನಾನು ಎಬ್ಬಿಸಿಬಿಟ್ಟಿದ್ದೇನೆ. ತುದಿಗಳು ಬುಷ್‌ನ ಮಟ್ಟಕ್ಕೆ ಬಂದರೆ ನಿಲ್ಲಿಸಿ.

ಉಪ್ಪು ಕಾಗದ 180 ನಂಬರಿನ ಒರಟಿನಿಂದ ನಯದ ಕಡೆಗೆ 240, 320, 400, 600. ಮಧ್ಯದ ಒಂದನ್ನು ಹಾರಿಸಿದರೆ ಗೀರು ಹೊಳಪು ಕೊಟ್ಟ ಮೇಲೆಯೇ ಕಾಣುವುದು. ರೆಸಿನ್ ಪೆನ್ನನ್ನು ನೀರು ಹಚ್ಚಿ 2000ದವರೆಗೂ ಉಜ್ಜಿ, ಕೊನೆಗೆ ಕಾರಿನ ಪಾಲಿಶ್ ಹಾಕಿ. ಬರಿಯ ಮರಕ್ಕೆ ಚನ್ನಪಟ್ಟಣದವರ ದಾರಿ ಹಿಡಿಯಬಹುದು. ಅಲ್ಲಿ ಆಲೆ ಮರದ ಬೊಂಬೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಕೇದಗೆಯ ಒಣ ಎಲೆಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ರೆಸಿನ್ ಪೆನ್ನಿನ ಮೇಲೆ ಈ ಪ್ರಯೋಗ ಬೇಡ, ಬಿಸಿಗೆ ಅದು ಮೆತ್ತಗಾಗುತ್ತದೆ.

ಜೋಡಣೆ

ವೈಸ್‌ನ ದವಡೆಗಳಿಗೆ ಮರದ ಚೂರು ಕೊಟ್ಟು, ಕೆಳಗಿನ ಕೊಳವೆಗೆ ಮೊದಲು ಮೂತಿಯನ್ನು ಒತ್ತಿ. ಅದರ ಇನ್ನೊಂದು ತುದಿಗೆ ತಿರುಗಿಸುವ ಯಂತ್ರ. ಇದನ್ನು ಒಂದೇ ಸಲಕ್ಕೆ ಒತ್ತಬೇಡಿ. ಸ್ವಲ್ಪ ಒತ್ತಿ, ರೀಫಿಲ್ ಹಾಕಿ ತಿರುಗಿಸಿ, ಮೊನೆ ಎಷ್ಟು ಹೊರಬಂತೆಂದು ನೋಡಿ, ಮತ್ತೆ ಒತ್ತಿ. ಒಳಗೆ ಹೆಚ್ಚು ಹೋದದ್ದನ್ನು ಹಿಂದಕ್ಕೆ ಎಳೆಯುವುದು ಹರಸಾಹಸ. ಮೇಲಿನ ಕೊಳವೆಗೆ ಕ್ಲಿಪ್ ಮತ್ತು ಟೋಪಿ ಒತ್ತಿ, ನಡುವಿನ ಬಳೆ ತೊಡಿಸಿ ಎರಡನ್ನೂ ಕೂಡಿಸಿದರೆ ಆಯಿತು.

ಕೂಡಿಸುವಾಗ ಪೆನ್ಸಿಲ್ ಗೆರೆಯ ನೆನಪಿರಲಿ. ಇದು ತಿರುಗಿಸುವ ಪೆನ್ನು. ಮೇಲಿನ ಎಳೆಯೂ ಕೆಳಗಿನ ಎಳೆಯೂ ಒಂದೇ ಸಾಲಿಗೆ ಬರುವುದು ಒಂದು ಸ್ಥಿತಿಯಲ್ಲಿ ಮಾತ್ರ. ಕೆಲವರು ಮೊನೆ ಒಳಗಿದ್ದಾಗ ಕೂಡುವಂತೆ ಮಾಡುತ್ತಾರೆ, ಜೇಬಿನಲ್ಲಿ ಚೆಂದ ಕಾಣಲೆಂದು. ನಾನು ಮೊನೆ ಹೊರಗೆ ಬಂದಾಗ ಕೂಡಿಸುತ್ತೇನೆ.