ಸೋಮನಾಥಪುರದ ಶಿಲ್ಪಗಳನ್ನು ಮೊಬೈಲಿನಲ್ಲಿ ತೆಗೆಯುವಾಗ

ಮೊಬೈಲಿನಲ್ಲಿ ಶಿಲ್ಪದ ಫೋಟೊ ಚೆನ್ನಾಗಿ ಬರಬೇಕಾದರೆ ನೆರಳನ್ನು ಕಾಪಾಡಿಕೊಳ್ಳಬೇಕು. ಹೊಯ್ಸಳ ದೇವಾಲಯಗಳನ್ನು ಸುತ್ತಿ ನಾನು ಕಲಿತದ್ದರಲ್ಲಿ ಇದೇ ಮುಖ್ಯ. ಈಗಿನ ಫೋನು ಒಮ್ಮೆ ಬಟನ್ ಒತ್ತಿದರೆ ಹಲವು ಫ್ರೇಮುಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ಕತ್ತಲಿದ್ದ ಕಡೆ ಬೆಳಕು ಏರಿಸುತ್ತದೆ, ಬೆಳಕು ಜಾಸ್ತಿಯಾದ ಕಡೆ ಇಳಿಸುತ್ತದೆ. ಎಚ್‌ಡಿಆರ್ ಅಂದರೆ ಇದೇ. ಕಿಟಕಿಗೆ ಬೆನ್ನು ಹಾಕಿ ಕೂತ ಅಜ್ಜಿಯ ಮುಖ ತೆಗೆಯುವಾಗ ಇದರಿಂದ ದೊಡ್ಡ ಉಪಕಾರ. ಕಲ್ಲಿನ ಕೆತ್ತನೆಗೆ ಮಾತ್ರ ನಷ್ಟ. ಹಾರದ ಮಣಿಮಣಿಯ ನಡುವೆ, ಬೆರಳುಗಳ ಸಂದಿಯಲ್ಲಿ ಇರಬೇಕಾದ ಕಪ್ಪು ಬೂದಿಯಾಗಿ ಬಿಟ್ಟರೆ, ಉಬ್ಬಿದ್ದೆಲ್ಲ ಕಾಗದದ ಮೇಲೆ ಬರೆದ ಚಿತ್ರದ ಹಾಗೆ ಚಪ್ಪಟೆಯಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಹೊಯ್ಸಳರ ಪಾಠಕ್ಕೆ ನನ್ನದೇ ಫೋಟೊ ತೋರಿಸಬೇಕೆಂಬ ಆಸೆಯಿಂದ ಸೋಮನಾಥಪುರಕ್ಕೆ ಹೋಗಿಬರುವುದು ರೂಢಿಯಾಯಿತು. ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಈ ಕೇಶವ ದೇವಾಲಯದ ಪ್ರತಿಷ್ಠೆ ನಡೆದದ್ದು 1258ರಲ್ಲಿ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಕೈಯಲ್ಲಿರುವ ಫೋನು, ಕಿಸೆಯಲ್ಲಿರುವ ಕರವಸ್ತ್ರ, ಇವೆರಡೇ ನನ್ನ ಸಲಕರಣೆ.

ಕರವಸ್ತ್ರದ ಮೊದಲ ಕೆಲಸ ಲೆನ್ಸ್ ಒರೆಸುವುದು. ಬೆರಳಿನ ಜಿಡ್ಡು ಹತ್ತಿದ ಲೆನ್ಸಿಗೆ ಬಿಸಿಲು ಬಿದ್ದರೆ ಚಿತ್ರದ ಮೇಲೆಲ್ಲ ಮಂಜು ಕವಿದಂತಾಗುತ್ತದೆ. ಆಮೇಲೆ ಯಾವ ಆ್ಯಪಿನಿಂದಲೂ ಅದನ್ನು ಪೂರ್ತಿ ತೆಗೆಯಲಾಗದು.

ನಂತರ ಪರದೆಯ ಮೇಲೆ ಶಿಲ್ಪದ ಮುಖವನ್ನು ಮುಟ್ಟಿ ಬೆರಳನ್ನು ಹಾಗೇ ಒತ್ತಿ ಹಿಡಿಯುತ್ತೇನೆ. ಫೋಕಸ್, ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಎರಡೂ ಲಾಕ್ ಆಗುತ್ತವೆ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯುತ್ತೇನೆ, ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಪರದೆಯಲ್ಲಿ ಸ್ವಲ್ಪ ಮಬ್ಬು ಅನ್ನಿಸಬೇಕು. ಬಳಪದ ಕಲ್ಲಿನ ಹಸಿರು ಬೆರೆತ ಬೂದು ಬಣ್ಣ ಆಗಲೇ ಸರಿಯಾಗಿ ಕಾಣುವುದು.

ಇನ್ನು ಬೆಳಕಿನ ವಿಷಯ. ಬೆಳಗಿನ ಜಾವ ಅಥವಾ ಇಳಿಹೊತ್ತಿನಲ್ಲಿ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಸೋಮನಾಥಪುರದಲ್ಲಿ ಅದಕ್ಕೇ ಕಾದು ಕೂರಬೇಕಾಗಿಲ್ಲ, ಏಕೆಂದರೆ ಗರ್ಭಗುಡಿಗಳ ತಳವಿನ್ಯಾಸವೇ ನಕ್ಷತ್ರದ ಆಕಾರದ್ದು. ಗೋಡೆ ಹೆಜ್ಜೆಹೆಜ್ಜೆಗೂ ಮುಖ ತಿರುಗಿಸುತ್ತ ಹೋಗುತ್ತದೆ. ಒಂದು ಮಡಿಕೆಗೆ ಬಿಸಿಲು ನೇರ ಬಿದ್ದರೆ ಅದರ ಪಕ್ಕದ ಮಡಿಕೆಗೆ ಬದಿಯಿಂದ ಬೀಳುತ್ತದೆ. ಆದ್ದರಿಂದ ಜಗತಿಯ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಒಂದು ಸುತ್ತು ಸುಮ್ಮನೆ ನಡೆದು, ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಮೂಲೆ ಯಾವುದೆಂದು ನೋಡುತ್ತೇನೆ. ದೇವಾಲಯ ಪೂರ್ವಾಭಿಮುಖ. ಹಿಂಭಾಗದ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಸೂರ್ಯ ಆಗ ತಾನೇ ದಾಟಿಬರುವಾಗಿನ ಬೆಳಕಿದೆಯಲ್ಲ, ಅದಕ್ಕೆ ಸಮನಾದದ್ದು ಇಲ್ಲ. ಕಿರೀಟದ ಒಂದೊಂದು ಸುತ್ತೂ ಬೇರೆಬೇರೆಯಾಗಿ ಎದ್ದು ನಿಲ್ಲುತ್ತದೆ. ಉತ್ತರದ ಗೋಡೆ ಬೇಕೆಂದರೆ ಮೇ, ಜೂನ್ ಒಳ್ಳೆಯದು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಹೋದರೆ ದಕ್ಷಿಣದ ಗೋಡೆಯನ್ನೇ ಹಿಡಿಯಬೇಕು.

ಲೆನ್ಸಿನ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಶಿಲ್ಪಕ್ಕೆ 0.5 ಎಕ್ಸ್, ಅಂದರೆ ಅಗಲ ನೋಟದ ಅಲ್ಟ್ರಾವೈಡ್ ಲೆನ್ಸ್, ಬೇಡವೇ ಬೇಡ. ಅಂಚಿನಲ್ಲಿರುವ ಆಕೃತಿಗಳು ಎಳೆದಂತಾಗಿ ಶಿಲ್ಪಿ ಕೊಟ್ಟ ಅಳತೆಯೇ ಕೆಡುತ್ತದೆ. 1 ಎಕ್ಸ್ ಇಟ್ಟುಕೊಂಡು ತೀರಾ ಹತ್ತಿರ ನಿಂತರೂ ಮೂಗು, ಹೊಟ್ಟೆ ಮುಂದೆ ಬಂದು ನಿಲ್ಲುತ್ತವೆ. ಜಗತಿಯಿಂದ ಅಂಗಳಕ್ಕಿಳಿದು 2 ಎಕ್ಸ್ ಅಥವಾ 3 ಎಕ್ಸ್‌ನಲ್ಲಿ ತೆಗೆದರೆ ಮೂರ್ತಿ ತನ್ನ ಸಹಜ ಪ್ರಮಾಣದಲ್ಲಿ ಸಿಗುತ್ತದೆ. 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರಿನ ಫೋನುಗಳಲ್ಲಿ ಹಲವು 2 ಎಕ್ಸ್‌ಗೆ ಸೆನ್ಸರಿನ ನಡುವಿನ ಭಾಗವನ್ನೇ ಬಳಸುತ್ತವೆ, ಹಾಗಾಗಿ ವಿವರ ಅಷ್ಟಾಗಿ ಕಳೆಯುವುದಿಲ್ಲ. ಫೋನಿನಲ್ಲಿರುವ ಟೆಲಿ ಲೆನ್ಸನ್ನೂ ಮೀರಿ ಎಳೆಯುತ್ತ ಹೋದರೆ ಸಾಫ್ಟ್‌ವೇರ್ ತಾನೇ ಗೆರೆಗಳನ್ನು ಊಹಿಸಿ ಬರೆಯತೊಡಗುತ್ತದೆ. ಎಂಟುನೂರು ವರ್ಷ ಹತ್ತಿರವಾಗುತ್ತಿರುವ ಉಳಿಯ ಗೆರೆಯ ಜಾಗದಲ್ಲಿ ಫೋನು ಬರೆದ ಗೆರೆ ಬರುವುದನ್ನು ನಾನು ಒಪ್ಪಲಾರೆ.

ಕೆಲವು ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ಹೆಸರಿದೆ. ಮಲ್ಲಿತಮ್ಮನದು ಹೆಚ್ಚು ಕಡೆ ಸಿಗುತ್ತದೆ. ಅಕ್ಷರ ಸಣ್ಣದು, ಕೊರೆತದ ಆಳ ಕಡಿಮೆ. ಹತ್ತಿರ ಹೋದೊಡನೆ ಹಲವು ಫೋನುಗಳು ತಾವಾಗಿಯೇ ಮ್ಯಾಕ್ರೋಗೆ ಬದಲಾಗಿ ಅಲ್ಟ್ರಾವೈಡ್ ಲೆನ್ಸಿನಿಂದ ತೆಗೆಯುತ್ತವೆ, ಜೊತೆಗೆ ಫೋನಿನ ನೆರಳೇ ಕಲ್ಲಿನ ಮೇಲೆ ಬೀಳುತ್ತದೆ. ನಾನು ಆಟೋ ಮ್ಯಾಕ್ರೋ ಆಫ್ ಮಾಡಿ, ಒಂದು ಮೊಳ ದೂರದಿಂದ 2 ಎಕ್ಸ್‌ನಲ್ಲಿ ತೆಗೆಯುತ್ತೇನೆ. ಜೊತೆಗೆ ಬಂದವರಿಗೆ ಅವರ ಮೊಬೈಲಿನ ಟಾರ್ಚ್ ಹಚ್ಚಿ ಗೋಡೆಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಲು ಹೇಳುತ್ತೇನೆ. ಶಾಸನ ಓದುವವರು ಬಳಸುವ ಉಪಾಯವೇ ಇದು. ಎದುರಿನಿಂದ ನೋಡಿದಾಗ ಬರೀ ಗೀರಿನಂತೆ ಕಂಡದ್ದು ಟಾರ್ಚನ್ನು ನಿಧಾನವಾಗಿ ಬದಿಗೆ ತಂದಂತೆ ದುಂಡನೆಯ ಹಳಗನ್ನಡ ಅಕ್ಷರವಾಗಿ ತಿರುಗುತ್ತದೆ, ಅಕ್ಷರದ ಒಂದು ಅಂಚು ಕಪ್ಪು, ಇನ್ನೊಂದು ಅಂಚು ಬೆಳ್ಳಗೆ. ಈ ಒಂದು ಫೋಟೊ ನೋಡಿದ ಮಕ್ಕಳು ಕೇಳುವಷ್ಟು ಪ್ರಶ್ನೆಗಳನ್ನು ಇಡೀ ದೇವಾಲಯದ ಚಿತ್ರ ನೋಡಿದಾಗ ಕೇಳುವುದಿಲ್ಲ.

ಒಳಗಿನ ಭುವನೇಶ್ವರಿಗಳಿಗೆ, ಅಂದರೆ ಮಂಟಪದ ಕೆತ್ತನೆಯ ಮೇಲ್ಛಾವಣಿಗಳಿಗೆ, ಬೇರೆ ಕ್ರಮ. ಮಂಟಪದೊಳಗೆ ಬೆಳಕು ಕಡಿಮೆ, ತಲೆಯೆತ್ತಿ ಫೋನು ಹಿಡಿದರೆ ಕೈ ನಡುಗುತ್ತದೆ, ಫ್ರೇಮೂ ಸೊಟ್ಟ. ಜನ ಇಲ್ಲದ ಹೊತ್ತು ನೋಡಿ, ನೆಲದ ಮೇಲೆ ಕರವಸ್ತ್ರ ಹಾಸಿ, ನೈಟ್ ಮೋಡ್ ಮತ್ತು ಹತ್ತು ಸೆಕೆಂಡಿನ ಟೈಮರ್ ಹಾಕಿ, ಪರದೆ ಕೆಳಗಾಗಿ ಫೋನನ್ನು ಮಲಗಿಸಿ ಪಕ್ಕಕ್ಕೆ ಸರಿಯುತ್ತೇನೆ. ಹಿಂದಿನ ಕ್ಯಾಮೆರಾ ನೇರ ಮೇಲೆ ನೋಡುತ್ತಿರುತ್ತದೆ. ಅಲುಗಾಟವಿಲ್ಲದ್ದರಿಂದ ಫೋನು ಹೆಚ್ಚು ಹೊತ್ತು ಬೆಳಕು ಸಂಗ್ರಹಿಸಬಲ್ಲದು. ನಡುವೆ ಇಳಿಬಿದ್ದ ಮೊಗ್ಗಿನ ತುದಿಯಿಂದ ಹೊರಗಿನ ಪಟ್ಟಿಗಳವರೆಗೆ ಎಲ್ಲವೂ ಸಮವಾಗಿ ಬರುತ್ತವೆ. ಇಲ್ಲಿ ಮಾತ್ರ ಎಚ್‌ಡಿಆರ್ ನನ್ನ ಪರ.

ಮನೆಗೆ ಬಂದ ಮೇಲೆ ತಿದ್ದುವುದು ಬಹಳ ಕಡಿಮೆ. ವಾಲಿದ್ದನ್ನು ನೇರ ಮಾಡಿ, ಶ್ಯಾಡೋಸ್ ಸ್ವಲ್ಪ ಇಳಿಸುತ್ತೇನೆ. ಶಾರ್ಪ್‌ನೆಸ್ ಮುಟ್ಟುವುದಿಲ್ಲ, ಬಳಪದ ಕಲ್ಲಿನ ನುಣುಪು ಹೋಗಿ ಸಿಮೆಂಟಿನ ಕಳೆ ಬಂದುಬಿಡುತ್ತದೆ. ಬೇರೆ ಶಾಲೆಯ ಮೇಷ್ಟ್ರುಗಳು ಕೇಳಿದಾಗ ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೇನೆ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಪ್ರೊಜೆಕ್ಟರಿನಲ್ಲಿ ದೊಡ್ಡದು ಮಾಡಿದಾಗ ಮಲ್ಲಿತಮ್ಮನ ಅಕ್ಷರಗಳೇ ಮೊದಲು ಮಾಯವಾಗುವುದು.