ಹರ್ನಿಯಾ ಆಪರೇಷನ್ ಆದ ಮೇಲೆ ಮನೆಯಲ್ಲಿ: ತಿಣುಕಬೇಡಿ, ನಡೆಯಿರಿ

ತೊಡೆಸಂದಿನ ಹರ್ನಿಯಾಕ್ಕೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ನೋಡಲು ಬಂದ ನೆಂಟರೆಲ್ಲ ಹೇಳುವ ಮಾತು ಒಂದೇ: "ಅಲ್ಲಾಡಬೇಡ, ಸುಮ್ಮನೆ ಮಲಗಿರು." ಇದನ್ನು ನಾನು ಪಾಲಿಸಲಿಲ್ಲ, ಯಾರಿಗೂ ಪಾಲಿಸಿ ಎಂದು ಹೇಳುವುದೂ ಇಲ್ಲ. ನಡೆದಾಡಿದರೆ ಒಳಗೆ ಹಾಕಿದ ಮೆಶ್ (ಬಲೆಯಂಥ ತೇಪೆ) ಕಿತ್ತು ಬರುವುದಿಲ್ಲ. ಆಪರೇಷನ್ ಆದ ಜಾಗಕ್ಕೆ ಪೆಟ್ಟು ಬೀಳುವುದು ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿದಾಗ. ಕಕ್ಕಸಿನಲ್ಲಿ ತಿಣುಕುವುದು, ಬಿಡದ ಕೆಮ್ಮು, ಉಸಿರು ಬಿಗಿಹಿಡಿದು ಭಾರ ಎತ್ತುವುದು, ವಯಸ್ಸಾದವರು ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರಕ್ಕೆ ತಿಣುಕುವುದು, ಇವು ಅಂಥವು. ಮನೆಯ ಆರೈಕೆಯೆಂದರೆ ಹೆಚ್ಚುಕಡಿಮೆ ಈ ನಾಲ್ಕನ್ನು ತಡೆಯುವುದೇ. ನಾನು ಬರೆಯುತ್ತಿರುವುದು ತೊಡೆಸಂದಿನಲ್ಲಿ ಕೊಯ್ದು ಮೆಶ್ ಕೂರಿಸುವ ತೆರೆದ ಆಪರೇಷನ್ ಬಗ್ಗೆ. ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಗಾಯ ಚಿಕ್ಕದು, ಚೇತರಿಕೆ ಬೇಗ. ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಒಂದೆರಡು ದಿನ ಭುಜ ನೋಯಬಹುದು, ಗಾಬರಿ ಬೇಡ. ಉಳಿದ ನಿಯಮಗಳು ಎರಡಕ್ಕೂ ಒಂದೇ.

ಆಸ್ಪತ್ರೆಗೆ ಹೋಗುವ ಮೊದಲೇ ಮನೆ ಸಿದ್ಧವಾಗಬೇಕು. ನೆಲದ ಮೇಲೆ ಚಾಪೆ ಹಾಸಿ ಮಲಗುವ ರೂಢಿಯಿದ್ದರೆ ಎರಡು ವಾರ ಬಿಡಿ. ನೆಲದಿಂದ ಏಳುವಾಗ ಹೊಟ್ಟೆಯ ಸ್ನಾಯುಗಳಿಗೆ ಬೀಳುವಷ್ಟು ಎಳೆತ ಮಂಚದಿಂದ ಏಳುವಾಗ ಬೀಳುವುದಿಲ್ಲ. ಮಂಚ ಮೊಣಕಾಲಿನ ಎತ್ತರಕ್ಕಿರಲಿ. ಮೆತ್ತಿನ (ಮಹಡಿಯ) ಮೇಲೆ ಮಲಗುವವರು ಕೆಳಗೆ ಬನ್ನಿ. ಊಟಕ್ಕೆ ಕೈ ಇರುವ ಕುರ್ಚಿ ಬೇಕು, ಮಣೆಯ ಮೇಲಿನ ಊಟ ಸದ್ಯಕ್ಕಿಲ್ಲ. ನಮ್ಮ ಉತ್ತರ ಕನ್ನಡದ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಕಕ್ಕಸು ಅಂಗಳದಾಚೆ ಇದೆ. ಮಳೆಗಾಲವಾದರೆ ಆ ದಾರಿಯ ಹಾವಸೆಯನ್ನು ಕೆರೆಸಿ, ಅಡಿಕೆ ದಬ್ಬೆ ಹಾಸಿದ್ದರೆ ತೆಗೆಸಿಬಿಡಿ. ಒದ್ದೆ ದಬ್ಬೆಯ ಮೇಲೆ ಕಾಲು ಜಾರಿ ಮೈ ಸಾವರಿಸಿಕೊಳ್ಳುವ ಆ ಒಂದು ಜರ್ಕು ತೊಡೆಸಂದಿಗೇ ಬಂದು ತಾಗುತ್ತದೆ.

ಪ್ರಯಾಣ ಇಲ್ಲಿ ದೊಡ್ಡ ವಿಷಯ. ಕಾರವಾರ, ಶಿರಸಿಯಲ್ಲೇ ಆಪರೇಷನ್ ಆದವರ ಮಾತು ಬೇರೆ. ಹುಬ್ಬಳ್ಳಿ, ಮಣಿಪಾಲ, ಗೋವಾಕ್ಕೆ ಹೋದವರು ಹಲವು ತಾಸು ಕೂತು ಬರಬೇಕು. ಅರಬೈಲ್ ಘಟ್ಟ, ದೇವಿಮನೆ ಘಟ್ಟಗಳ ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟು ಖಂಡಿತ ಬೇಡ. ಕಾರಿನಲ್ಲಿ ಮುಂದಿನ ಸೀಟು ಸ್ವಲ್ಪ ಹಿಂದಕ್ಕೆ ವಾಲಿಸಿ, ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಮೆತ್ತನೆ ದಿಂಬು ಇಟ್ಟುಕೊಂಡು ಬನ್ನಿ. ತಾಸಿಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಹೊರಡುವ ಮೊದಲು ಒಮ್ಮೆ ಸರಾಗವಾಗಿ ಮೂತ್ರವಾಗಿರಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಮೂತ್ರಕೋಶ ಕೆಲವು ತಾಸು ಮರಗಟ್ಟಿದಂತಿರುತ್ತದೆ. ಕಟ್ಟಿಕೊಂಡ ಮೂತ್ರದೊಂದಿಗೆ ಘಟ್ಟ ಇಳಿಯುವುದು ಯಾರಿಗೂ ಬೇಡ. ಅದೇ ಅರಿವಳಿಕೆಯಿಂದ ಎದ್ದು ಕೂತಾಗ ಬರುವ, ಮಲಗಿದರೆ ಇಳಿಯುವ ತಲೆನೋವು ಶುರುವಾದರೆ ನೀರು ಹೆಚ್ಚು ಕುಡಿದು ಮಲಗಿ, ಡಾಕ್ಟರಿಗೆ ಫೋನು ಮಾಡಿ.

ಹಾಸಿಗೆಯಿಂದ ಏಳುವ ಕ್ರಮವನ್ನು ಆಪರೇಷನ್ನಿಗೆ ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಅಂಗಾತ ಮಲಗಿದ್ದವರು ಸೊಂಟದಿಂದ ನೆಟ್ಟಗೆ ಏಳಬಾರದು. ಮೊಣಕಾಲು ಮಡಚಿ, ಆಪರೇಷನ್ ಆಗದ ಬದಿಗೆ ಇಡೀ ಮೈ ಒಟ್ಟಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟು, ಮೊಣಕೈ ಊರಿ ಕೈಯ ಬಲದಿಂದ ಏಳಿ. ಏಳುವಾಗ ಬಾಯಿ ತೆರೆದು ಉಸಿರು ಬಿಡುತ್ತಿರಬೇಕು. ಕೆಮ್ಮು, ಸೀನು ಬಂತೆಂದರೆ ಅಂಗೈಯನ್ನೋ ಮಡಚಿದ ಟವಲ್ಲನ್ನೋ ಗಾಯದ ಮೇಲೆ ಗಟ್ಟಿಯಾಗಿ ಒತ್ತಿಹಿಡಿಯಿರಿ. ಟವಲ್ ಸದಾ ಕೈಗೆಟುಕುವಲ್ಲಿರಲಿ. ಸೀನು ಮೊದಲೇ ಹೇಳಿ ಬರುವುದಿಲ್ಲ.

ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಹುಡುಕಬಾರದು. ಮೊದಲ ಮೂರು ದಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಬರೆದುಕೊಡುವುದು ಪ್ಯಾರಸಿಟಮಾಲ್ 650 ಮಿ.ಗ್ರಾಂ., ಆರು ತಾಸಿಗೊಂದು. ದಿನಕ್ಕೆ ಒಟ್ಟು 4 ಗ್ರಾಂ ಯಾವ ಕಾರಣಕ್ಕೂ ದಾಟಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ ಎರಡನ್ನೂ ಸೇರಿಸಬೇಡಿ. ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ತಂದು ನೀವಾಗಿ ಸೇರಿಸಿಕೊಳ್ಳುವುದು ತಪ್ಪು: ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಅದು ಅಪಾಯ. ಟ್ರಮಡಾಲ್ ಎಂಬ ಜೋರಾದ ನೋವಿನ ಮಾತ್ರೆ ಕೊಟ್ಟಿದ್ದರೆ ನೋವು ನಿಜಕ್ಕೂ ತಡೆಯಲಾಗದಾಗ ಮಾತ್ರ ನುಂಗಿ, ಏಕೆಂದರೆ ಅದು ಕರುಳನ್ನು ನಿಧಾನಗೊಳಿಸಿ ಮಲ ಕಟ್ಟಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಮೊದಲಿನಿಂದ ಇದ್ದವರು ಅದನ್ನು ಯಾವ ದಿನ ಮತ್ತೆ ಶುರುಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಐಸ್ ಒಳ್ಳೆಯದು, ಆದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಸಾಕು. ಗಾಯದ ಸುತ್ತಲ ಚರ್ಮ ಮರಗಟ್ಟಿರುವುದರಿಂದ ಐಸ್ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ, ಜನ ಕೇಳಲು ನಾಚುವ ವಿಷಯ: ಮಲವಿಸರ್ಜನೆ. ಅರಿವಳಿಕೆ, ನೋವಿನ ಮಾತ್ರೆ, ಕಡಿಮೆ ಓಡಾಟ, ಕಕ್ಕಸಿಗೆ ಹೋದರೆ ನೋಯುತ್ತದೆಂಬ ಹೆದರಿಕೆ ಎಲ್ಲ ಸೇರಿ ಮೂರು ದಿನ ಕಟ್ಟಿತೆಂದರೆ ನಾಲ್ಕನೆಯ ದಿನ ತಿಣುಕದೆ ಗತಿಯಿಲ್ಲ. ಹಾಗಾಗಿ ಮೂರು ದಿನ ಕಾಯಬಾರದು. ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಕೆಲಸ ಮಾಡಲು ಒಂದೆರಡು ದಿನ ಬೇಕು. ಡಾಕ್ಟರನ್ನು ಕೇಳಿ ಮೊದಲ ರಾತ್ರಿಯಿಂದಲೇ 15 ಮಿ.ಲೀ. ಶುರುಮಾಡಿ, ಭೇದಿಯಾದರೆ ಕಡಿಮೆ ಮಾಡಿ. ಇಸಬಗೋಲ್ ಹೊಟ್ಟು ಎರಡು ಚಮಚಕ್ಕೆ ತುಂಬಿದ ಲೋಟ ನೀರು, ಅದರ ಮೇಲೆ ಇನ್ನೊಂದು ಲೋಟ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕೂತುಬಿಡುತ್ತದೆ. ಈಗಾಗಲೇ ಮಲ ಕಟ್ಟಿದ ಮೇಲೆ ಇಸಬಗೋಲ್ ಸುರಿಯಬೇಡಿ, ಮೊದಲು ಲ್ಯಾಕ್ಟುಲೋಸ್.

ಕೂರುವ ರೀತಿಯೂ ಲೆಕ್ಕಕ್ಕಿದೆ. ಕುಕ್ಕರಗಾಲಿನಲ್ಲಿ ಕೂತರೆ ಮಲ ಸಲೀಸಾಗಿ ಬರುವುದು ನಿಜ, ಆದರೆ ಮೊದಲ ವಾರ ಕೂರುವುದು, ಏಳುವುದು ಎರಡೂ ನೋಯುತ್ತವೆ. ಮಧ್ಯದಲ್ಲಿ ತೂತಿರುವ ಕಮೋಡ್ ಸ್ಟೂಲನ್ನು ನಮ್ಮ ದೇಸಿ ಪ್ಯಾನಿನ ಮೇಲೇ ಇಡಬಹುದು. ಕಾಲಡಿಗೆ ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಪೀಠ ಇಟ್ಟು, ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ. ಬಾಯಿ ತೆರೆದು ಉಸಿರಾಡುತ್ತ ಕೂತರೆ ತಿಣುಕಲು ಆಗುವುದೇ ಇಲ್ಲ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಅರ್ಧ ಲೋಟ ಬಿಸಿನೀರು ಕುಡಿದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ.

ಊಟದಲ್ಲಿ ನಾರು ಮತ್ತು ನೀರು ಬೇಕು. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ, ಬಾಳೆದಿಂಡಿನ ಪಲ್ಯ, ಹೀರೇಕಾಯಿ, ಮಜ್ಜಿಗೆ, ತಂಬುಳಿ, ಮುರುಗಲು ಸಾರು ಎಲ್ಲವೂ ನಡೆಯುತ್ತದೆ. ಹಲಸಿನಹಣ್ಣು, ಕಡಲೆ, ಅಲಸಂದೆ ಮೊದಲ ವಾರ ಬೇಡ. ಹೊಟ್ಟೆ ಉಬ್ಬಿದರೆ ಹೊಲಿಗೆಯ ಜಾಗ ಬಿಗಿಯುತ್ತದೆ. ನಂಜಾಗುತ್ತದೆಂದು ಮೀನು, ಮೊಟ್ಟೆ, ಬದನೆಕಾಯಿ ಬಿಡಿಸಿ ತಿಂಗಳುಗಟ್ಟಲೆ ಬರೀ ಗಂಜಿ ಕೊಡುವುದು ಕರಾವಳಿಯಲ್ಲೂ ಇದೆ, ಘಟ್ಟದ ಮೇಲೂ ಇದೆ. ಗಾಯ ಕೂಡಲು ಪ್ರೋಟೀನ್ ಬೇಕು. ತಿನ್ನುವವರು ಬಂಗಡೆಯನ್ನೋ ಕಾಣೆಯನ್ನೋ ಖಾರ, ಎಣ್ಣೆ ಕಡಿಮೆ ಮಾಡಿ ತಿನ್ನಲಿ. ತಿನ್ನದವರಿಗೆ ಬೇಳೆ, ಹೆಸರುಕಾಳು, ಹಾಲು, ಮೊಸರು ಇದೆ. ಕೀವಾಗುವುದು ಸೋಂಕಿನಿಂದ, ಬದನೆಕಾಯಿಯಿಂದಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದರೆ ಸೋಂಕು ಬೇಗ ಹಿಡಿಯುತ್ತದೆ, ಎಚ್ಚರ ಅಲ್ಲಿರಲಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಹಾಕಿದ ಕವಳ ಬಿಡಬೇಕು. ನಿಕೋಟಿನ್ ಗಾಯಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ, ಹೊಗೆ ಕೆಮ್ಮನ್ನು ಕೊಡುತ್ತದೆ. ಹರ್ನಿಯಾ ಮರುಕಳಿಸುವವರಲ್ಲಿ ಸೇದುವವರು ಹೆಚ್ಚು.

ಗಾಯಕ್ಕೆ 48 ತಾಸು ನೀರು ತಾಗಿಸಬೇಡಿ. ಆಮೇಲೆ ಡಾಕ್ಟರು ಒಪ್ಪಿದರೆ ಚೊಂಬಿನಿಂದ ನೀರು ಹರಿಸಿ ಸ್ನಾನ ಮಾಡಿ, ಒಗೆದ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬಾರದು. ಹೊಳೆ, ಕೆರೆ, ಸಮುದ್ರದ ಸ್ನಾನ ಗಾಯ ಪೂರ್ತಿ ಮುಚ್ಚುವವರೆಗೆ ಇಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರು ಏನೂ ಹಚ್ಚಬೇಡಿ. ಮಳೆಗಾಲದಲ್ಲಿ ಅರೆಬರೆ ಒಣಗಿದ ಒಳಚಡ್ಡಿ ಹಾಕಿಕೊಂಡರೆ ತೊಡೆಸಂದಿನಲ್ಲಿ ತುರಿಕೆ ಹತ್ತಿ, ಕೆರೆದ ಉಗುರು ಗಾಯಕ್ಕೂ ಹೋಗುತ್ತದೆ. ಇಸ್ತ್ರಿ ಮಾಡಿ ಪೂರ್ತಿ ಆರಿಸಿಯೇ ಹಾಕಿ.

ಮೂರನೆಯ, ನಾಲ್ಕನೆಯ ದಿನ ಅಂಡಚೀಲ, ಶಿಶ್ನ, ತೊಡೆಯ ಮೇಲ್ಭಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಬಹುದು. ನೋಡಿದವರು ಹೆದರುತ್ತಾರೆ. ಅದು ಮೇಲಿನಿಂದ ಇಳಿದು ಬಂದ ರಕ್ತ. ಹಸಿರು, ಹಳದಿಯಾಗಿ ಎರಡು ವಾರದಲ್ಲಿ ಹೋಗುತ್ತದೆ. ಅಂಡಚೀಲ ಜೋತಾಡದಂತೆ ಬಿಗಿಯಾದ ಚಡ್ಡಿ ಅಥವಾ ಲಂಗೋಟಿ ಕಟ್ಟಿದರೆ ಊತವೂ ಎಳೆತವೂ ತಗ್ಗುತ್ತವೆ. ಮಲಗಿದಾಗ ಅಡಿಗೆ ಮಡಚಿದ ಟವಲ್ ಇಟ್ಟು ಎತ್ತರಿಸಿ. ಹೊಲಿಗೆಯ ಕೆಳಗೆ ಉದ್ದಕ್ಕೆ ಗಟ್ಟಿಯಾದ ದಿಂಡು ಕೈಗೆ ಸಿಗುತ್ತದೆ, ಅದು ಮಾಯುತ್ತಿರುವ ಗಾಯ. ಅಲ್ಲೇ ನೀರು ತುಂಬಿದ ಮೆತ್ತನೆ ಉಬ್ಬು ಬಂದರೆ ಅದು ಸೆರೋಮಾ ಇರಬಹುದು. ಬಹುಪಾಲು ವಾರಗಳಲ್ಲಿ ತಾನಾಗಿ ಇಂಗುತ್ತದೆ, ಮನೆಯಲ್ಲಿ ಚುಚ್ಚಲು ಹೋಗಬಾರದು.

ನಡಿಗೆ ಮೊದಲ ದಿನದಿಂದಲೇ ಶುರು: ಮನೆಯೊಳಗೆ ಐದೈದು ನಿಮಿಷ, ದಿನಕ್ಕೆ ಐದಾರು ಸಲ. ವಾರದ ಹೊತ್ತಿಗೆ ಸಮತಟ್ಟಿನ ದಾರಿಯಲ್ಲಿ ಅರ್ಧ ತಾಸು. ತೋಟಕ್ಕೆ ಇಳಿಯುವ ಕಡಿದಾದ ದಾರಿ, ಸಂಕ (ಕಾಲುಸೇತುವೆ) ದಾಟುವುದು ಆಮೇಲೆ. ಭಾರದ ವಿಷಯದಲ್ಲಿ ಡಾಕ್ಟರುಗಳು ಹೇಳುವುದು ಒಂದೇ ರೀತಿಯಿಲ್ಲ. ಕೆಲವರು ಎರಡು ವಾರ ಎನ್ನುತ್ತಾರೆ, ಕೆಲವರು ಆರು. ಮೇಜಿನ ಕೆಲಸಕ್ಕೆ ಒಂದೆರಡು ವಾರ ಸಾಕು. ಮೈಮುರಿದು ದುಡಿಯುವವರಿಗೆ ಆರು ವಾರವೇ ಸರಿ ಎಂಬುದು ನನ್ನ ಅಭಿಪ್ರಾಯ: ಮೆಶ್‌ನ ಕಣ್ಣುಗಳೊಳಗೆ ನಮ್ಮದೇ ಊತಕ ಬೆಳೆದು ಹಿಡಿದುಕೊಳ್ಳಲು ವಾರಗಳು ಬೇಕು. ಅಲ್ಲಿಯವರೆಗೆ 5 ಕಿಲೋ ಮಿತಿ. ಐದು ಲೀಟರ್ ನೀರೆಂದರೆ 5 ಕಿಲೋ. ಹದಿನೈದು ಲೀಟರಿನ ಕೊಡ, 25 ಕಿಲೋ ಅಕ್ಕಿ ಚೀಲ ದೂರವೇ ಇರಲಿ. ಅಡುಗೆ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಕಬ್ಬಿಣ ಸೇರಿದರೆ 30ರ ಹತ್ತಿರ. ಬಾವಿಯಿಂದ ನೀರು ಸೇದುವುದು, ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕುವುದು, ಕಿಕ್ ಹೊಡೆಯುವುದು, ಮೊಮ್ಮಗುವನ್ನು ಎತ್ತುವುದು ಭಾರದ ಲೆಕ್ಕಕ್ಕೆ ಬರುವುದಿಲ್ಲವೆಂದು ಜನ ತಿಳಿಯುತ್ತಾರೆ. ಬರುತ್ತವೆ. ಮೆಟ್ಟುಗತ್ತಿಯ ಮುಂದೆ ತಗ್ಗಿನಲ್ಲಿ ಕೂತು ತಾಸುಗಟ್ಟಲೆ ಅಡಿಕೆ ಸುಲಿಯುವುದೂ ಹಾಗೆಯೇ, ತೊಡೆಸಂದು ಮಡಚಿಕೊಂಡೇ ಇರುತ್ತದೆ. ಕಾರು ಓಡಿಸುವ ಮೊದಲು ನಿಂತ ಕಾರಿನಲ್ಲಿ ಬ್ರೇಕನ್ನು ಜೋರಾಗಿ ತುಳಿದು ನೋಡಿ. ನೋವಿನಿಂದ ಕಾಲು ಹಿಂಜರಿದರೆ ಇನ್ನೂ ಹೊತ್ತಿದೆ. ದಾಂಪತ್ಯಕ್ಕೂ ಅಳತೆ ನೋವೇ, ಸಾಮಾನ್ಯವಾಗಿ ಎರಡು ವಾರ.

ತುರ್ತಿಲ್ಲದ ಆಪರೇಷನ್ನಿಗೆ ಕಾಲ ಆರಿಸಿಕೊಳ್ಳಬಹುದು. ಅಡಿಕೆ ಬೆಳೆಗಾರರಿಗೆ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು), ಸುಲಿತ ಮುಗಿದ ಮೇಲಿನ ಬೇಸಿಗೆ ಅನುಕೂಲ, ಬಟ್ಟೆಯೂ ಒಣಗುತ್ತದೆ. ಯಾಂತ್ರಿಕ ದೋಣಿಯವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ ಸರಿಹೊಂದುತ್ತದೆ. ಜೂನ್ ಮೊದಲ ವಾರದಲ್ಲೇ ಮಾಡಿಸಿಕೊಂಡರೆ ಬಲೆ ಎಳೆಯುವ ಹೊತ್ತಿಗೆ ಆರು ವಾರ ದಾಟಿರುತ್ತದೆ. ಆದರೆ ಹರ್ನಿಯಾದ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಕೊಯ್ಲು, ಋತು ಯಾವುದನ್ನೂ ನೋಡದೆ ಆ ಕ್ಷಣವೇ ಹೊರಡಬೇಕು. ಒಳಗೆ ಸಿಕ್ಕಿದ ಕರುಳಿಗೆ ರಕ್ತ ನಿಂತು ಕೊಳೆಯಲು ಕೆಲವು ತಾಸು ಸಾಕು.

ಆಪರೇಷನ್ ಆದ ಮೇಲೂ ಕಾಯಬಾರದ ಲಕ್ಷಣಗಳಿವೆ: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದ ಸುತ್ತ ಹರಡುತ್ತಿರುವ ಕೆಂಪು, ಕೀವು, ಹತ್ತು ನಿಮಿಷ ಒತ್ತಿಹಿಡಿದರೂ ನಿಲ್ಲದ ರಕ್ತ, ಆರೆಂಟು ತಾಸು ಮೂತ್ರವಾಗದಿರುವುದು, ಹೊಟ್ಟೆ ಉಬ್ಬಿ ಬಿಡದ ವಾಂತಿ, ಒಂದು ವೃಷಣ ಮಾತ್ರ ಗಟ್ಟಿಯಾಗಿ ವಿಪರೀತ ನೋಯುವುದು, ಒಂದೇ ಮೀನಖಂಡ ಊದಿ ನೋಯುವುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ವಾಹನ ಬರಲು ಹೊತ್ತು ಹಿಡಿಯುತ್ತದೆ. ಸಂಜೆಗೇ ಅನುಮಾನ ಬಂದರೆ ಸಂಜೆಗೇ ಹೊರಡಿ, ರಾತ್ರಿಯಾಗಲು ಬಿಡಬೇಡಿ.

ಗಾಯದ ಕೆಳಗೆ ಅಂಗೈಯಗಲ ಚರ್ಮ ಜೋಮು ಹಿಡಿದಂತಿರುವುದು ಮಾಮೂಲು. ಅಲ್ಲಿನ ಸಣ್ಣ ನರಗಳು ಎಳೆದಾಡಿಸಿಕೊಂಡಿರುತ್ತವೆ, ತಿಂಗಳುಗಳಲ್ಲಿ ಹೆಚ್ಚಿನ ಸ್ಪರ್ಶ ಮರಳುತ್ತದೆ, ಸ್ವಲ್ಪ ಉಳಿದರೂ ಕೆಲಸಕ್ಕೆ ಅಡ್ಡಿಯಿಲ್ಲ. ಮೂರು ತಿಂಗಳ ಮೇಲೂ ಉರಿ, ಕರೆಂಟು ಹೊಡೆದಂಥ ಸೆಳೆತ, ಬಟ್ಟೆ ತಾಗಿದರೂ ನೋವು ಇದ್ದರೆ ಸಹಿಸಿಕೊಂಡು ಕೂರಬೇಡಿ. ನರದ ನೋವಿಗೆ ಬೇರೆಯೇ ಮಾತ್ರೆ, ಇಂಜೆಕ್ಷನ್ ಇವೆ. ಆಪರೇಷನ್ ಮಾಡಿದವರ ಬಳಿಗೇ ಡಿಸ್ಚಾರ್ಜ್ ಚೀಟಿ ಹಿಡಿದು ಹೋಗಿ, ಇನ್ನೊಂದು ಬದಿಯ ತೊಡೆಸಂದನ್ನೂ ಅಲ್ಲೂ ಹರ್ನಿಯಾ ಇದೆಯೇ ಎಂದು ಅದೇ ಸಲ ಕೆಮ್ಮಿಸಿ ನೋಡಲು ಹೇಳಿ.