ಘಟ್ಟ ಇಳಿಯುವ ಕಾರಿಗೆ ಬ್ರೇಕ್ ಪ್ಯಾಡ್: ಕಂಪನಿ ಸರ್ವಿಸ್ ಸೆಂಟರ್ ದರ ಕೊಡಬೇಕೇ?

ಕೊಡಗಿನಲ್ಲಿ ಹಳೆಯ ಬಿಎಂಡಬ್ಲ್ಯು, ಆಡಿ, ಬೆಂಜ್ ಕಾಣಸಿಗುವುದು ಈಗ ಅಪರೂಪವಲ್ಲ. ಬೆಂಗಳೂರಿನಲ್ಲಿ ಯಾರೋ ಕೆಲವು ವರ್ಷ ಓಡಿಸಿ ಮಾರಿದ ಕಾರನ್ನು ಹೊಸ ಇನ್ನೋವಾಗಿಂತ ಕಡಿಮೆ ಹಣಕ್ಕೆ ಮನೆಗೆ ತರುತ್ತೇವೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಅದು ಮೊದಲು ಅರಿವಿಗೆ ಬರುವುದು ಬ್ರೇಕ್ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಕಾರು ನಿಲ್ಲಿಸುವ ಬಿಲ್ಲೆ, ಬದಲಿಸುವ ಹೊತ್ತಿಗೆ.

ನನ್ನದು ಬಿಎಂಡಬ್ಲ್ಯು 320ಡಿ, 2019ರಲ್ಲಿ ಜಿ20 ಎಂಬ ಹೊಸ ತಲೆಮಾರು ಬರುವುದಕ್ಕೆ ಮುಂಚಿನ ಎಫ್30 ಮಾದರಿ. ಮುಂದಿನ ಪ್ಯಾಡ್ ಸವೆದಿದೆ ಎಂದು ಡ್ಯಾಶ್‌ಬೋರ್ಡ್‌ನಲ್ಲಿ ಸೂಚನೆ ಬಂದಾಗ ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎಸ್ಟಿಮೇಟ್ ಕೇಳಿದೆ. ಮುಂದಿನ ಪ್ಯಾಡ್, ಎರಡು ಡಿಸ್ಕ್, ಸೆನ್ಸರ್, ಬ್ರೇಕ್ ಆಯಿಲ್, ಲೇಬರ್, ತೆರಿಗೆ ಎಲ್ಲ ಸೇರಿ 60 ಸಾವಿರ ದಾಟಿತು. ಕಾರು ನೋಡದೆ, ಓಡಿದ ಕಿಲೋಮೀಟರ್ ಕೇಳಿ ಕೊಟ್ಟ ಲೆಕ್ಕ ಅದು. ಫೋನಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಅವರಿಗೂ ಆಗುವುದಿಲ್ಲ. ಆ ಪಟ್ಟಿಯಲ್ಲಿ ಯಾವುದು ನನ್ನ ಕಾರಿಗೆ ನಿಜವಾಗಿ ಬೇಕು ಎಂಬುದನ್ನು ಚಕ್ರ ಬಿಚ್ಚಿ ನಾನೇ ನೋಡಬೇಕಿತ್ತು.

ಬ್ರೇಕ್ ವಿಷಯದಲ್ಲಿ ದುಡ್ಡು ಉಳಿಸಲು ಹೊರಟವನಿಗೆ ಮೊದಲು ಭಯ ಇರಬೇಕು. ನನಗೆ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಘಟ್ಟ ಇಳಿದು ಸುಳ್ಯ ಮುಟ್ಟುವಷ್ಟರಲ್ಲಿ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರು ಸಾವಿರ ಮೀಟರ್ ಇಳಿದರೆ ಹೊರಬರುವ ಶಕ್ತಿ ಸುಮಾರು 16.7 ಮೆಗಾಜೂಲ್. ಬಚ್ಚಲ ಹಂಡೆಯಲ್ಲಿ 50 ಲೀಟರ್ ತಣ್ಣೀರು ತುಂಬಿ ಕುದಿ ಬರಿಸಲು ಬೇಕಾಗುವಷ್ಟು ಶಾಖ ಅದು. ಗಾಳಿ, ಟೈರು, ಎಂಜಿನ್ ಅದರಲ್ಲಿ ಒಂದಷ್ಟನ್ನು ಹೊತ್ತುಕೊಳ್ಳುತ್ತವೆ. ಗೇರ್ ಇಳಿಸದೆ ಡ್ರೈವ್‌ನಲ್ಲೇ ಬಿಟ್ಟು ಪೆಡಲ್ ಒತ್ತಿಕೊಂಡೇ ಇಳಿಯುವವರ ಕಾರಿನಲ್ಲಿ ಹೆಚ್ಚುಪಾಲು ನಾಲ್ಕು ಡಿಸ್ಕ್‌ಗಳ ಮೇಲೆಯೇ ಬೀಳುತ್ತದೆ, ಅದರಲ್ಲೂ ಮುಂದಿನ ಎರಡರ ಮೇಲೆ. ಮಾಕುಟ್ಟ ದಾರಿಯಲ್ಲಿ ಇರಿಟ್ಟಿಗೆ ಇಳಿಯುವವರಿಗೂ ಇದೇ ಮಾತು. ಬಯಲುಸೀಮೆಯಲ್ಲಿ ಓಡುವ ಕಾರಿನ ಪ್ಯಾಡ್ ಬಾಳಿಕೆಯ ಲೆಕ್ಕ ಹಿಡಿದು ನಮ್ಮ ಕಾರಿಗೆ ತೀರ್ಮಾನ ಹೇಳಲಾಗದು.

ಇದಕ್ಕಿಂತ ಹೆಚ್ಚು ಮುಖ್ಯವಾದ ಒಂದು ಸಂಗತಿ ಇದೆ. ಈ ಕಾರಿನಲ್ಲಿ ಪ್ಯಾಡ್ ಸವೆತ ಹೇಳುವ ಸೆನ್ಸರ್ ಇರುವುದು ಮುಂದೆ ಎಡ ಚಕ್ರಕ್ಕೊಂದು, ಹಿಂದೆ ಬಲ ಚಕ್ರಕ್ಕೊಂದು ಮಾತ್ರ. ಪ್ಯಾಡಿನೊಳಗೆ ಕೂತ ತಂತಿಯನ್ನು ಡಿಸ್ಕ್ ಉಜ್ಜಿ ಕತ್ತರಿಸಿದಾಗ ಸೂಚನೆ ಬರುತ್ತದೆ. ಅಂದರೆ ಮುಂದಿನ ನಾಲ್ಕು ಪ್ಯಾಡ್‌ಗಳಲ್ಲಿ ಒಂದನ್ನು ಮಾತ್ರ ಕಾರು ನೋಡುತ್ತಿದೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಲ ಚಕ್ರದಲ್ಲಿ ಜಾಮ್ ಆಗಿ ಆ ಕಡೆಯ ಒಳಪ್ಯಾಡ್ ಕಬ್ಬಿಣದ ತಟ್ಟೆಯವರೆಗೆ ಸವೆದರೂ ಡ್ಯಾಶ್‌ಬೋರ್ಡ್ ಸುಮ್ಮನಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಲ್ಲೇ ನಿಲ್ಲುವ, ಕೆಸರಿನಲ್ಲೇ ಓಡುವ ನಮ್ಮ ಕಾರುಗಳಿಗೆ ಕ್ಯಾಲಿಪರ್ ಜಾಮ್ ಆಗುವುದು ದೂರದ ಮಾತಲ್ಲ. ಚಕ್ರದ ಕಡ್ಡಿಗಳ ಸಂದಿಯಿಂದ ಟಾರ್ಚ್ ಹಾಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದನ್ನು ನೋಡಲು ಚಕ್ರ ಬಿಚ್ಚಲೇಬೇಕು. ಹಾಗಾಗಿ ಚಕ್ರ ಬಿಚ್ಚುವುದನ್ನು ಕಲಿತವನು ಹಣದ ಜೊತೆಗೆ ಇನ್ನೂ ದೊಡ್ಡದನ್ನು ಉಳಿಸಿಕೊಳ್ಳುತ್ತಾನೆ ಎಂದೇ ನನ್ನ ನಂಬಿಕೆ.

ಕಾಫಿ ಒಣಗಿಸುವ ಕಣ ನಮ್ಮ ಮನೆಯಲ್ಲಿ ಸಮತಟ್ಟಾದ ಕಾಂಕ್ರೀಟ್. ಅದಕ್ಕಿಂತ ಒಳ್ಳೆಯ ಜಾಗ ಈ ಕೆಲಸಕ್ಕೆ ಬೇಕಿಲ್ಲ. ತಮ್ಮನ ಮಗ ಜೊತೆಗಿದ್ದ. ಹಿಂದಿನ ಚಕ್ರಗಳಿಗೆ ಕಟ್ಟಿಗೆಯ ಅಡೆ ಕೊಟ್ಟು, ಬೋಲ್ಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಬರೀ ಜಾಕಿಯ ಮೇಲೆ ನಿಂತ ಕಾರಿನ ಹತ್ತಿರ ಕೈ ಹಾಕಬೇಡಿ. ಬೋಲ್ಟ್ ಪೂರ್ತಿ ತೆಗೆದ ಮೇಲೂ ಚಕ್ರ ಹಬ್‌ಗೆ ಕಚ್ಚಿಕೊಂಡಿರುತ್ತದೆ, ನಮ್ಮ ಮಳೆಯ ತುಕ್ಕು ಅಂಥದ್ದು. ಎರಡು ಬೋಲ್ಟನ್ನು ನಾಲ್ಕಾರು ಸುತ್ತು ಹಾಗೇ ಹಾಕಿಟ್ಟು ಟೈರಿನ ಬದಿಗೆ ರಬ್ಬರ್ ಸುತ್ತಿಗೆಯಿಂದ ಬಡಿದರೆ ಬಿಡುತ್ತದೆ, ಬಿಟ್ಟರೂ ಕಾಲ ಮೇಲೆ ಬೀಳುವುದಿಲ್ಲ.

ಮೊದಲು ಅಳೆದದ್ದು ಡಿಸ್ಕ್. ಎಸ್ಟಿಮೇಟ್‌ನ ದೊಡ್ಡ ಪಾಲು ಅದೇ ಆಗಿತ್ತು. ಎಲ್ಲಿಯವರೆಗೆ ಸವೆಯಬಹುದು ಎಂಬುದನ್ನು ಡಿಸ್ಕ್ ಮೇಲೆಯೇ ಅಚ್ಚು ಹಾಕಿರುತ್ತಾರೆ, ನನ್ನದರಲ್ಲಿ 22.4 ಮಿ.ಮೀ. ಹೊಸದಾಗಿದ್ದಾಗ 24. ಅಳೆಯುವಾಗ ಒಂದು ತೊಡಕು: ಸವೆದ ಡಿಸ್ಕಿನ ಅಂಚಿನಲ್ಲಿ ಏರು ಉಳಿದಿರುತ್ತದೆ, ವರ್ನಿಯರ್ ಅದಕ್ಕೇ ತಾಗಿ ದಪ್ಪ ಹೆಚ್ಚು ತೋರಿಸುತ್ತದೆ. ಎರಡೂ ಕಡೆ ಪ್ಯಾಡ್ ಉಜ್ಜುವ ಜಾಗದಲ್ಲಿ ಒಂದೇ ಬಗೆಯ ಒಂದೊಂದು ನಾಣ್ಯ ಇಟ್ಟು ಅಳೆದು, ಎರಡು ನಾಣ್ಯಗಳ ದಪ್ಪ ಕಳೆದರೆ ನಿಜ ಅಳತೆ ಸಿಗುತ್ತದೆ. ಸುತ್ತಲೂ ಬೇರೆ ಬೇರೆ ಜಾಗದಲ್ಲಿ ಅಳೆದೆ, 23.3ಕ್ಕಿಂತ ಎಲ್ಲೂ ಕಡಿಮೆ ಇರಲಿಲ್ಲ. ಬಿರುಕಿಲ್ಲ, ನೀಲಿಗಟ್ಟಿಲ್ಲ, ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತಿರಲಿಲ್ಲ. ಡಿಸ್ಕ್ ಬೇಡ ಎಂದು ಅಲ್ಲಿಗೆ ತೀರ್ಮಾನವಾಯಿತು. ನಿಮ್ಮ ಡಿಸ್ಕ್ ಕನಿಷ್ಠಕ್ಕೆ ತೀರಾ ಹತ್ತಿರ ಬಂದಿದ್ದರೆ ಮುಲಾಜಿಲ್ಲದೆ ಬದಲಿಸಿ. ಹೊಸ ಪ್ಯಾಡ್ ಬಾಳುವಷ್ಟು ಕಾಲ ಅದು ಬಾಳಬೇಕಲ್ಲ.

ಪ್ಯಾಡ್ ಎಲ್ಲಿಂದ ತರುವುದು ಎಂಬುದೇ ಹೆಚ್ಚಿನವರನ್ನು ಹೆದರಿಸುವ ಪ್ರಶ್ನೆ. ಕಾರು ಕಂಪನಿಗಳು ಪ್ಯಾಡ್ ತಾವೇ ತಯಾರಿಸುವುದಿಲ್ಲ. ಟೆಕ್ಸ್ಟಾರ್, ಯುರಿಡ್, ಎಟಿಇ ಮುಂತಾದ ತಯಾರಕರು ಯುರೋಪಿನ ಕಾರು ಕಂಪನಿಗಳಿಗೂ ಕೊಡುತ್ತಾರೆ, ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ನಮ್ಮ ದೇಶದಲ್ಲಿ ಬಿಡಿಭಾಗ ಹೊರಗೆ ಸಿಗದಂತೆ ಮಾಡುವುದರ ಬಗ್ಗೆ ದೊಡ್ಡ ವ್ಯಾಜ್ಯವೇ ನಡೆದಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗುವಂತಾಗಬೇಕು ಎಂದು ಆದೇಶಿಸಿತು. ವಿಷಯ ಮೇಲ್ಮನವಿಗೆ ಹೋಯಿತು. ಏನೇ ಇರಲಿ, ಇವತ್ತು ಮಡಿಕೇರಿಯಲ್ಲಿ ಕೂತು ಒಳ್ಳೆಯ ಪ್ಯಾಡ್ ತರಿಸಿಕೊಳ್ಳಬಹುದು.

ನಕಲಿ ಮಾಲೂ ಅಷ್ಟೇ ಸುಲಭವಾಗಿ ಬರುತ್ತದೆ. ಆದ್ದರಿಂದ ಬಿಲ್ ಕೊಡುವ ವಿತರಕರಿಂದಲೇ ಕೊಳ್ಳುತ್ತೇನೆ, ಚಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿಕೊಳ್ಳುತ್ತೇನೆ. ಒಂದೇ ಮಾದರಿಯ ಕಾರಿಗೂ ಡಿಸ್ಕ್ ಅಳತೆಗೆ ತಕ್ಕಂತೆ ಬೇರೆ ಬೇರೆ ಪ್ಯಾಡ್ ಇರುತ್ತವೆ. ಡಬ್ಬಿ ಒಡೆದ ಮೇಲೆ ಪ್ಯಾಡಿನ ಬೆನ್ನು ನೋಡಬೇಕು: ಯುರೋಪಿನ ಮಾನದಂಡ ದಾಟಿದ ಪ್ಯಾಡಿನಲ್ಲಿ ವೃತ್ತದೊಳಗಿನ 'ಇ' ಗುರುತು, '90ಆರ್' ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಎಷ್ಟೋ ಪ್ಯಾಡ್‌ಗಳ ಮೇಲೆ 'ಎಫ್‌ಎಫ್', 'ಜಿಎಫ್' ಎಂಬಂಥ ಜೋಡಿ ಅಕ್ಷರವೂ ಇರುತ್ತದೆ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. 'ಎಫ್' ಅಂದರೆ ಘರ್ಷಣಾಂಕ 0.35ರಿಂದ 0.45, 'ಇ' ಅಂದರೆ 0.25ರಿಂದ 0.35. ಘಟ್ಟದವರು ಎರಡನೆಯ ಅಕ್ಷರವನ್ನು ಗಮನಿಸಿ. ಅಲ್ಲಿ 'ಇ' ಇದ್ದರೆ ನಾನು ಕೊಳ್ಳುವುದಿಲ್ಲ. ಪ್ಯಾಡ್, ಸೆನ್ಸರ್, ಬ್ರೇಕ್ ಕ್ಲೀನರ್ ಎಲ್ಲ ಸೇರಿ ನನಗಾದ ಖರ್ಚು ಆ ಎಸ್ಟಿಮೇಟ್‌ನ ಕಾಲು ಭಾಗಕ್ಕಿಂತ ಕಡಿಮೆ.

ಕೆಲಸದ ಬಗ್ಗೆ ಹೇಳುವುದಾದರೆ, ಬಿಚ್ಚಿ ಹಾಕುವುದು ಬೇಗ ಮುಗಿಯುತ್ತದೆ. ಹೊತ್ತು ಹಿಡಿಯುವುದು ಶುಚಿ ಮಾಡುವುದಕ್ಕೆ, ಮಾಡುವವನ ಯೋಗ್ಯತೆ ಗೊತ್ತಾಗುವುದೂ ಅಲ್ಲೇ. ಹೊರಗಿನ ಸ್ಪ್ರಿಂಗ್ ಕ್ಲಿಪ್ ತೆಗೆದು, ಪ್ಲಾಸ್ಟಿಕ್ ಮುಚ್ಚಳದ ಒಳಗಿನ, ಕ್ಯಾಲಿಪರ್ ಜಾರಾಡುವ ಎರಡು ಗೈಡ್ ಪಿನ್‌ಗಳನ್ನು 7 ಮಿ.ಮೀ ಅಲನ್ ಕೀಯಿಂದ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಬೇಕು. ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಕ್ಲೀನರ್ ಸಿಂಪಡಿಸಿ ತೊಳೆಯಬೇಕು.

ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆರೆದು, ಹಳೆಯ ಪ್ಯಾಡನ್ನು ಅಡ್ಡ ಇಟ್ಟು ದಪ್ಪನೆಯ ಹೊಸ ಪ್ಯಾಡಿಗೆ ಜಾಗವಾಗಲೆಂದು ಕ್ಯಾಲಿಪರ್‌ನ ಪಿಸ್ಟನ್ನನ್ನು ಸಿ-ಕ್ಲಾಂಪ್‌ನಿಂದ ಒಳಕ್ಕೆ ತಳ್ಳಿದೆವು. "ದೊಡ್ಡಪ್ಪಾ, ಬಲಗಡೇದು ಬಿಗಿ ಇದೆ, ಇನ್ನೂ ತಿರುಗಿಸ್ಲಾ?" ಎಂದ ಹುಡುಗ. ಬೇಡ ಎಂದೆ. ನಿಧಾನಕ್ಕೆ, ಅರ್ಧರ್ಧ ಸುತ್ತು ತಿರುಗಿಸಿದ್ದಕ್ಕೆ ಒಳಗೆ ಹೋಯಿತು, ರಬ್ಬರ್ ಬೂಟ್ ಹರಿದಿರಲಿಲ್ಲ. ಬಿಗಿ ಇದ್ದದ್ದು ನಿಜವಾಗಿ ಪಿನ್‌ನಲ್ಲಿ. ಬಲಗಡೆಯ ಕೆಳಪಿನ್ ಮೇಲೆ ಕಂದು ತುಕ್ಕಿನ ಪದರ ಕೂತಿತ್ತು, ಅದಕ್ಕೇ ಆ ಕಡೆಯ ಒಳಪ್ಯಾಡ್ ಹೊರಪ್ಯಾಡಿಗಿಂತ ತೆಳ್ಳಗಾಗಿತ್ತು. ಎಡಗಡೆಯ ಸೆನ್ಸರ್‌ಗೆ ಇದು ತಿಳಿಯುವ ದಾರಿಯೇ ಇಲ್ಲ. ಪಿನ್ ಒರೆಸಿ ನುಣುಪು ಮಾಡಿ ಒಣದಾಗಿಯೇ ಹಾಕಿದೆ. ನನ್ನ ಕಾರಿನಂತೆ ರಬ್ಬರ್ ಬುಷ್‌ನಲ್ಲಿ ಓಡುವ ಪಿನ್‌ಗೆ ಗ್ರೀಸ್ ಹಚ್ಚಬೇಡಿ ಎನ್ನುತ್ತದೆ ಕಂಪನಿಯ ರಿಪೇರಿ ಸೂಚನೆ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಜೀಪು, ಪಿಕಪ್‌ಗೆ ಎಲ್ಲ ಕಡೆ ಗ್ರೀಸ್ ಹಾಕಿ ರೂಢಿಯಾದ ನಮ್ಮೂರಿನ ಮೆಕ್ಯಾನಿಕ್‌ಗಳಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಪಿನ್‌ಗಳಿಗೆ 30 ನ್ಯೂಟನ್ ಮೀಟರ್, ಚಕ್ರದ ಬೋಲ್ಟ್‌ಗಳಿಗೆ 140. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕಾರು ಕೆಳಗಿಳಿಸಿದ ಮೇಲೆ, ಸ್ಟಾರ್ಟ್ ಮಾಡಿ ಗೇರ್ ಹಾಕುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ತುಳಿಯಬೇಕು. ಒಳಗೆ ತಳ್ಳಿದ ಪಿಸ್ಟನ್ ಹೊರಗೆ ಬಂದು ಪ್ಯಾಡಿಗೆ ತಾಗುವವರೆಗೆ ಕಾರಿಗೆ ಬ್ರೇಕ್ ಇರುವುದಿಲ್ಲ. ಕಣದಿಂದ ಗೇಟಿನವರೆಗೆ ಇಳಿಜಾರು ಇರುವ ನಮ್ಮ ಮನೆಗಳಲ್ಲಿ ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಲ್ಲ.

ಹೊಸ ಪ್ಯಾಡನ್ನು ನೇರ ಘಟ್ಟಕ್ಕೆ ಒಯ್ಯಬಾರದು. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಕಡೆ ರಸ್ತೆ ಸಮತಟ್ಟು. ಅಲ್ಲಿ ಹಿಂದೆ ಗಾಡಿ ಇಲ್ಲದಾಗ 60ರಿಂದ 20ಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮುಂದೆ ಹೋಗಿ ತಣ್ಣಗಾಗಲು ಬಿಡುವುದು, ಮತ್ತೆ ಇಳಿಸುವುದು. ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂತ ಮೇಲೆ ಹಿಡಿತದ ವ್ಯತ್ಯಾಸ ಪಾದಕ್ಕೇ ಗೊತ್ತಾಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ರೇಕ್ ಸರ್ವಿಸ್ ರೀಸೆಟ್. ಕತ್ತರಿಸಿದ ಸೆನ್ಸರನ್ನು ಬದಲಿಸದಿದ್ದರೆ ಅದು ರೀಸೆಟ್ ಆಗಲು ಒಪ್ಪುವುದೇ ಇಲ್ಲ.

ಹಾಗಾದರೆ ಕಂಪನಿ ಸರ್ವಿಸ್ ಸೆಂಟರಿಗೆ ಹೋಗುವುದೇ ಬೇಡವೇ? ನಾನು ಹೋಗುತ್ತೇನೆ, ಬ್ರೇಕ್ ಆಯಿಲ್‌ಗೆ. ಪೆಡಲ್‌ನ ಒತ್ತಡವನ್ನು ಪ್ಯಾಡ್‌ವರೆಗೆ ಒಯ್ಯುವ ಡಾಟ್ 4 ದರ್ಜೆಯ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿ. ಘಟ್ಟದಲ್ಲಿ ಆಯಿಲ್ ಕುದಿದು ಆವಿಯಾದರೆ ಪ್ಯಾಡ್ ಎಷ್ಟೇ ಹೊಸದಿದ್ದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು, ಒಳಗೆ ಗಾಳಿ ಉಳಿಯದಂತೆ ಒತ್ತಡದ ಯಂತ್ರದಿಂದ ಮಾಡಿಸಬೇಕು. ಅದಕ್ಕೆ ಕೇಳಿದಷ್ಟು ಕೊಡುತ್ತೇನೆ, ಚೌಕಾಸಿ ಮಾಡುವುದಿಲ್ಲ.

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನವರೂ ಹಿಂದಿನ ಪ್ಯಾಡ್‌ಗೆ ತಾವೇ ಕೈ ಹಾಕಬೇಡಿ. ಆ ಕ್ಯಾಲಿಪರ್‌ನಲ್ಲಿ ಮೋಟರ್ ಇರುತ್ತದೆ, ಸ್ಕ್ಯಾನರ್‌ನಿಂದ ಸರ್ವಿಸ್ ಸ್ಥಿತಿಗೆ ತಂದ ಮೇಲೆಯೇ ಪಿಸ್ಟನ್ ಹಿಂದಕ್ಕೆ ಹೋಗಬೇಕು. ಸಿ-ಕ್ಲಾಂಪ್ ಹಾಕಿ ಒತ್ತಿದರೆ ಒಳಗಿನ ತಿರುಪು ಹಾಳಾಗಿ ಉಳಿಸಿದ ಹಣದ ಎಷ್ಟೋ ಪಟ್ಟು ಕೈಬಿಡುತ್ತದೆ. ಸ್ಕ್ಯಾನರ್ ಇರುವ ಸ್ವತಂತ್ರ ಗ್ಯಾರೇಜಾದರೂ ಸರಿ. ವಾರಂಟಿಯೋ ಸರ್ವಿಸ್ ಪ್ಯಾಕೇಜೋ ಬಾಕಿ ಇದ್ದರೆ ಮೊದಲು ಆ ಕಾಗದ ಓದಿ. ಕೆಲವು ಪ್ಯಾಕೇಜುಗಳಲ್ಲಿ ಪ್ಯಾಡ್ ಸೇರಿಯೇ ಇರುತ್ತದೆ.

ನನ್ನ ಎಫ್30ಗೆ ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್, ಅದರ ಶೂಗಳು ಹಿಂದಿನ ಡಿಸ್ಕಿನ ಒಳಗೆ ಬೇರೆಯೇ ಇವೆ, ಹಾಗಾಗಿ ಹಿಂದಿನ ಪ್ಯಾಡನ್ನೂ ನಾನೇ ಬದಲಿಸಬಹುದು. ಈಗ ಅಲ್ಲಿ 6 ಮಿ.ಮೀ ಉಳಿದಿದೆ, 3ಕ್ಕೆ ಇಳಿಯುವ ಮೊದಲು ಬದಲಿಸಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಕಳೆದ ಮೇಲೆ ನಾಲ್ಕೂ ಚಕ್ರ ಬಿಚ್ಚಿ, ಪಿನ್ ನೋಡಿ, ಅಳೆಯುತ್ತೇನೆ. ಬಲಗಡೆಯ ಸೆನ್ಸರ್ ಈಗಲೇ ತರಿಸಿಟ್ಟಿದ್ದೇನೆ.